ಸ್ಥಾನಪಟ್ಟಿ ಮತ್ತು ನಿಯಂತ್ರಣ ನಕ್ಷೆ: ಚಿತ್ರದುರ್ಗದ ಫಲಿತಾಂಶವನ್ನು ಓದುವ ಬಗೆ

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ನಮ್ಮ ರಾಜ್ಯದಲ್ಲಿ ಜಿಲ್ಲಾವಾರು ಸ್ಥಾನಪಟ್ಟಿಯೊಂದು ಹೊರಬೀಳುವುದು ವಾಡಿಕೆ. 2023ರ ಪಟ್ಟಿಯಲ್ಲಿ ಚಿತ್ರದುರ್ಗ ಶೇ. 96.80 ಪಡೆದು ಮೊದಲ ಸ್ಥಾನದಲ್ಲಿತ್ತು. 2024ರ ಪಟ್ಟಿಯಲ್ಲಿ ಅದೇ ಜಿಲ್ಲೆ ಶೇ. 72.85 ಪಡೆದು 21ನೆಯ ಸ್ಥಾನಕ್ಕೆ ಇಳಿಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆಗಳಲ್ಲಿ ಬಹುಪಾಲು ಅವೇ ಕಟ್ಟಡಗಳು, ಅವೇ ಪಠ್ಯಪುಸ್ತಕಗಳು, ಅವರೇ ಶಿಕ್ಷಕರು. ಹಾಗಿದ್ದರೆ ಹನ್ನೆರಡು ತಿಂಗಳಲ್ಲಿ ಏನಾಯಿತು?

ಮೇಲೇರಿದವರಿಗೆ ಅಭಿನಂದನೆ, ಕೆಳಗಿಳಿದವರಿಗೆ ಕಾರಣ ಕೇಳುವ ಪತ್ರ. ಇದು ಸ್ಥಾನಪಟ್ಟಿಯನ್ನು ಓದುವ ಸಾಮಾನ್ಯ ಕ್ರಮ. ಈ ಕ್ರಮದ ಹಿಂದೆ ಒಂದು ನಂಬಿಕೆಯಿದೆ: ಪ್ರತಿಯೊಂದು ಏರಿಕೆಗೂ ಪ್ರತಿಯೊಂದು ಇಳಿಕೆಗೂ ಪ್ರತ್ಯೇಕ ಕಾರಣವಿರುತ್ತದೆ, ಆ ಕಾರಣ ಯಾರೋ ಒಬ್ಬರ ಕೈಯಲ್ಲಿರುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪರಿಶೀಲನೆಗೆ ಬೇಕಾದ ಸಾಧನ ಹೊಸದೇನಲ್ಲ. ಅದಕ್ಕೆ ನೂರು ವರ್ಷ ದಾಟಿದೆ. ಕಾರ್ಖಾನೆಗಳಲ್ಲಿ ಅದನ್ನು ಕಂಟ್ರೋಲ್ ಚಾರ್ಟ್ ಎನ್ನುತ್ತಾರೆ. ಕನ್ನಡದಲ್ಲಿ ನಿಯಂತ್ರಣ ನಕ್ಷೆ ಎನ್ನೋಣ.

ಎರಡು ಬಗೆಯ ಏರಿಳಿತ

ನಿಯಂತ್ರಣ ನಕ್ಷೆಯನ್ನು ರೂಪಿಸಿದ ವಾಲ್ಟರ್ ಶೂಹಾರ್ಟ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಟೆಲಿಫೋನ್ ಉಪಕರಣಗಳ ತಯಾರಿಕೆಯಲ್ಲಿ ಗುಣಮಟ್ಟ ಏಕೆ ದಿನಕ್ಕೊಂದು ತೆರನಾಗಿರುತ್ತದೆ ಎಂಬ ಪ್ರಶ್ನೆ ಅವರೆದುರಿಗಿತ್ತು. 1924ರ ಮೇ 16ರಂದು ಅವರು ತಮ್ಮ ಮೇಲಧಿಕಾರಿಗೆ ಬರೆದ ಸಣ್ಣ ಟಿಪ್ಪಣಿಯಲ್ಲಿ ಮೊದಲ ನಕ್ಷೆ ಕಾಣಿಸಿಕೊಂಡಿತು. 1931ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಪಿ.ಸಿ. ಮಹಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ನಮ್ಮ ಉದ್ದಿಮೆಗಳಲ್ಲಿ ಸಂಖ್ಯಾಶಾಸ್ತ್ರೀಯ ಗುಣನಿಯಂತ್ರಣ ಬೇರೂರಲು ಆ ಭೇಟಿ ನೆರವಾಯಿತು.

ಶೂಹಾರ್ಟರ ವಿಚಾರ ಸರಳ. ಯಾವ ಪ್ರಕ್ರಿಯೆಯಲ್ಲೂ ಏರಿಳಿತ ಇದ್ದೇ ಇರುತ್ತದೆ. ಅದರಲ್ಲಿ ಒಂದು ಭಾಗ ನೂರಾರು ಸಣ್ಣಪುಟ್ಟ ಕಾರಣಗಳು ಸೇರಿ ಉಂಟಾಗುವ ಯಾದೃಚ್ಛಿಕ ಏರಿಳಿತ. ಇದಕ್ಕೆ ಬಿಡಿಬಿಡಿಯಾಗಿ ಕಾರಣ ಹುಡುಕುವುದು ವ್ಯರ್ಥ. ಇನ್ನೊಂದು ಭಾಗ ಗುರುತಿಸಬಲ್ಲ ವಿಶೇಷ ಕಾರಣದಿಂದ ಬರುವಂಥದ್ದು. ಯಂತ್ರದ ಹಲ್ಲು ಮುರಿದಿರಬಹುದು, ಕಚ್ಚಾವಸ್ತು ಬದಲಾಗಿರಬಹುದು, ಅಳತೆಯ ಉಪಕರಣವೇ ಕೆಟ್ಟಿರಬಹುದು. ಇವೆರಡನ್ನು ಬೇರ್ಪಡಿಸಲು ಅವರು ಸರಾಸರಿಯ ಮೇಲೆ ಮತ್ತು ಕೆಳಗೆ ಮೂರು ಮಾನಕ ವಿಚಲನೆಗಳಷ್ಟು ದೂರದಲ್ಲಿ ಎರಡು ಗೆರೆ ಎಳೆದರು. ಗೆರೆಗಳ ಒಳಗಿನ ಬಿಂದುವಿಗೆ ವಿವರಣೆ ಬೇಡ. ಹೊರಗಿನ ಬಿಂದುವಿಗೆ ವಿವರಣೆ ಬೇಕು.

ಗೆರೆ ಮೂರರಲ್ಲೇ ಏಕಿರಬೇಕು? ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರಸಾಮಾನ್ಯ ವಿತರಣೆಯನ್ನು ತಂದು ಶೇ. 99.73 ಎಂಬ ಸಂಖ್ಯೆಯನ್ನು ತೋರಿಸಿ ಮುಗಿಸುತ್ತವೆ. ಶೂಹಾರ್ಟರ ಸಮರ್ಥನೆ ಅದಕ್ಕಿಂತ ವ್ಯಾವಹಾರಿಕವಾದುದು. ಗೆರೆ ಹತ್ತಿರವಾದರೆ ಇಲ್ಲದ ಕಾರಣವನ್ನು ಹುಡುಕುತ್ತ ಅಲೆಯುತ್ತೇವೆ. ದೂರವಾದರೆ ಇರುವ ಕಾರಣ ಕಣ್ತಪ್ಪುತ್ತದೆ. ಎರಡೂ ನಷ್ಟವೇ. ಮೂರು ಎಂಬುದು ಈ ಎರಡು ನಷ್ಟಗಳ ನಡುವಿನ, ಅನುಭವದಿಂದ ಒಪ್ಪಿತವಾದ ರಾಜಿ. ಒಂದು ಉದಾಹರಣೆ ನೋಡಿ. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಿಗೆ ಎರಡು ಮಾನಕ ವಿಚಲನೆಯ ಗೆರೆ ಹಾಕಿದರೆ, ಯಾವ ವಿಶೇಷ ಕಾರಣವಿಲ್ಲದೆಯೂ ವರ್ಷಕ್ಕೆ ಒಂದೆರಡು ಜಿಲ್ಲೆಗಳು ಹೊರಗೆ ಬೀಳುತ್ತವೆ. ಮೂರರ ಗೆರೆ ಹಾಕಿದರೆ ಹಾಗಾಗುವುದು ಸುಮಾರು ಹತ್ತು ವರ್ಷಕ್ಕೊಮ್ಮೆ ಮಾತ್ರ.

ಸ್ಥಾನಪಟ್ಟಿಯಲ್ಲಿ ಇಂಥ ಗೆರೆಯೇ ಇಲ್ಲ. ಅದರ ಮೂಲದೋಷ ಇದು. ಚಿತ್ರದುರ್ಗ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಆರೂ ಚೆನ್ನಾಗಿ ಕೆಲಸ ಮಾಡಿದರೂ ಒಂದು ಆರನೆಯದಾಗಲೇಬೇಕು. ಆರೂ ಹಿಂದೆ ಬಿದ್ದರೂ ಒಂದು ಮೊದಲನೆಯದಾಗುತ್ತದೆ.

ಪಾಯಿಂಟ್ ಸೊನ್ನೆ ಆರರ ಗೆಲುವು

2023ರ ಮೊದಲ ಮೂರು ಸ್ಥಾನಗಳನ್ನು ನೋಡಿ: ಚಿತ್ರದುರ್ಗ 96.80, ಮಂಡ್ಯ 96.74, ಹಾಸನ 96.68. ಒಂದರಿಂದ ಇನ್ನೊಂದಕ್ಕೆ ಇರುವ ಅಂತರ 0.06. ಲೆಕ್ಕಕ್ಕಾಗಿ ಒಂದು ಜಿಲ್ಲೆಯಲ್ಲಿ 20,000 ವಿದ್ಯಾರ್ಥಿಗಳು ಪರೀಕ್ಷೆ ಬರೆದರೆಂದು ಹಿಡಿಯೋಣ. ಉತ್ತೀರ್ಣರ ಅನುಪಾತವನ್ನು ಅನುತ್ತೀರ್ಣರ ಅನುಪಾತದಿಂದ ಗುಣಿಸಿ, ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸಿಗುತ್ತದೆ. 0.968ನ್ನು 0.032ರಿಂದ ಗುಣಿಸಿ 20,000ದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.0012, ಅಂದರೆ ಶೇ. 0.12. ಮೊದಲ ಸ್ಥಾನಕ್ಕೂ ಎರಡನೆಯದಕ್ಕೂ ಇರುವ ಅಂತರ ಒಂದು ಮಾನಕ ವಿಚಲನೆಯ ಅರ್ಧ ಮಾತ್ರ. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿಯನ್ನು ಎರಡು ಸಲ ಅಳೆದು ಇಷ್ಟು ಕಿರಿದಾದ ವ್ಯತ್ಯಾಸ ಬಂದರೆ ನಾವು ಎರಡೂ ಒಂದೇ ಎನ್ನುತ್ತೇವೆ. ಜಿಲ್ಲೆಗಳ ವಿಷಯದಲ್ಲಿ ಮಾತ್ರ ಒಂದನ್ನು ಪ್ರಥಮ, ಇನ್ನೊಂದನ್ನು ತೃತೀಯ ಎನ್ನುತ್ತೇವೆ.

ಇನ್ನೂ ಒಂದು ಸಂಗತಿ ಇದೆ. 2024ರಲ್ಲಿ ಈ ಮೂರು ಜಿಲ್ಲೆಗಳಿಗೆ ದೊರೆತ ಫಲಿತಾಂಶ ಹೀಗಿತ್ತು: ಚಿತ್ರದುರ್ಗ 72.85, ಮಂಡ್ಯ 73.59, ಹಾಸನ 86.28. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ, ಅಂದರೆ 10.49 ಇಳಿಯಿತು. ಹಾಸನದ ಇಳಿಕೆ 10.40, ರಾಜ್ಯದ ಇಳಿಕೆಯಷ್ಟೇ. ಚಿತ್ರದುರ್ಗದ್ದು 23.95, ಮಂಡ್ಯದ್ದು 23.15. ಒಂದು ವರ್ಷ ಗುರುತಿಸಲಾಗದಷ್ಟು ಹತ್ತಿರವಿದ್ದ ಮೂರು ಜಿಲ್ಲೆಗಳು ಮರುವರ್ಷ ಎರಡು ಗುಂಪಾಗಿ ಒಡೆದವು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತ ಸನ್ನಿವೇಶ. ಬೆಳಕಿನ ಮಾಪಕವೊಂದು ತನ್ನ ಗರಿಷ್ಠ ಮಿತಿಗೆ ತಲುಪಿದ ಮೇಲೆ ಬಲ್ಬಿಗೂ ಸೂರ್ಯನಿಗೂ ಒಂದೇ ಅಂಕಿ ತೋರಿಸುತ್ತದೆ. 2023ರ ಫಲಿತಾಂಶ ನೂರರ ಚಾವಣಿಗೆ ತಾಗುವಷ್ಟು ಎತ್ತರದಲ್ಲಿತ್ತು. ಅಲ್ಲಿ ಜಿಲ್ಲೆಗಳನ್ನು ಪ್ರತ್ಯೇಕಿಸುವ ಶಕ್ತಿ ಆ ಮಾಪಕಕ್ಕೆ ಇರಲಿಲ್ಲ. ಹಾಗಾಗಿ ಅಂದಿನ ಮೊದಲ ಸ್ಥಾನವನ್ನು ಆಧಾರವಾಗಿಟ್ಟುಕೊಂಡು ಮರುವರ್ಷ ‘ಇಪ್ಪತ್ತು ಸ್ಥಾನ ಕುಸಿತ’ ಎಂದು ಎಣಿಸುವುದಕ್ಕೆ ಅರ್ಥವಿಲ್ಲ. ಆದರೆ ರಾಜ್ಯದ ಇಳಿಕೆಯನ್ನು ಕಳೆದ ಮೇಲೂ ಉಳಿಯುವ 13.46ರ ಇಳಿಕೆಗೆ ಅರ್ಥವಿದೆ. ಹಿನ್ನೆಲೆಯನ್ನು ಕಳೆದು ಉಳಿದದ್ದನ್ನು ನೋಡುವುದು ಸರಿಯಾದ ಕ್ರಮ. ವಿವರಣೆ ಬೇಕಾಗಿರುವುದು ಈ ಉಳಿದ ಭಾಗಕ್ಕೆ.

ಏರಿದ್ದೋ, ಇಳಿದದ್ದೋ?

ಈಗ ಇಡೀ ರಾಜ್ಯದ ಅಂಕಿಗಳಿಗೆ ನಕ್ಷೆ ಹಾಕಿ ನೋಡೋಣ. ಪ್ರಕಟವಾದ ಶೇಕಡಾವಾರು ಫಲಿತಾಂಶ ಹೀಗಿದೆ:

2017: 67.87
2018: 71.93
2019: 73.70
2020: 71.80
2021: 99.9
2022: 85.63
2023: 83.89
2024, ಪರೀಕ್ಷೆ-1: 73.40

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಂದೆ ಬಳಸಿದ ವರ್ಗಮೂಲದ ಸೂತ್ರ ಪ್ರತಿ ವಿದ್ಯಾರ್ಥಿಯ ಫಲಿತಾಂಶ ಇನ್ನೊಬ್ಬರದರಿಂದ ಸ್ವತಂತ್ರ ಎಂದು ಊಹಿಸುತ್ತದೆ. ವಾಸ್ತವದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಗಣಿತದ ಪತ್ರಿಕೆ ಕಠಿಣವಾದರೆ ಲಕ್ಷಾಂತರ ಮಕ್ಕಳು ಒಟ್ಟಿಗೆ ತೊಂದರೆಗೆ ಸಿಲುಕುತ್ತಾರೆ. 20,000 ವಿದ್ಯಾರ್ಥಿಗಳ ಜಿಲ್ಲೆಗೆ ಆ ಸೂತ್ರದಿಂದ ಶೇ. 73ರ ಆಸುಪಾಸಿನಲ್ಲಿ ಬರುವ ಮಿತಿ ಒಂದಕ್ಕಿಂತ ತುಸು ಕಡಿಮೆ, ಶೇ. 0.94. ರಾಜ್ಯಕ್ಕೆ ಅದು ಇನ್ನೂ ಕಿರಿದು. ಹಾಗೆ ಮಾಡಿದರೆ ಪ್ರತಿ ವರ್ಷವೂ ‘ಅಸಹಜ’ ಎನಿಸಿಕೊಳ್ಳುತ್ತದೆ. ಸೂತ್ರವನ್ನು ಅದರ ಷರತ್ತುಗಳಿಲ್ಲದೆ ಬಾಯಿಪಾಠ ಮಾಡಿಸುವ ನಮ್ಮ ಬೋಧನೆಯ ದೋಷ ಇಲ್ಲಿ ಕಾಣುತ್ತದೆ.

ಇಂಥ ಕಡೆ ಬೇರೊಂದು ವಿಧಾನವಿದೆ. ಒಂದು ವರ್ಷಕ್ಕೂ ಮುಂದಿನ ವರ್ಷಕ್ಕೂ ಇರುವ ವ್ಯತ್ಯಾಸಗಳನ್ನು ಚಿಹ್ನೆ ಬಿಟ್ಟು ಬರೆದುಕೊಂಡು, ಅವುಗಳ ಸರಾಸರಿಯನ್ನು 2.66ರಿಂದ ಗುಣಿಸಿದರೆ ಮೂರು ಮಾನಕ ವಿಚಲನೆಗಳ ಅಂದಾಜು ದೊರೆಯುತ್ತದೆ. ಕೋವಿಡ್‌ಗೆ ಮುಂಚೆ ಸಿದ್ಧವಾಗಿದ್ದ ವ್ಯವಸ್ಥೆಯ ನಾಲ್ಕು ವರ್ಷಗಳನ್ನು ಆಧಾರವಾಗಿ ತೆಗೆದುಕೊಳ್ಳೋಣ. 2017ರಿಂದ 2020ರವರೆಗಿನ ಸರಾಸರಿ 71.3. ವ್ಯತ್ಯಾಸಗಳು 4.06, 1.77, 1.90; ಅವುಗಳ ಸರಾಸರಿ 2.58. ಅದನ್ನು 2.66ರಿಂದ ಗುಣಿಸಿದರೆ 6.85. ಆದ್ದರಿಂದ ಕೆಳಗೆರೆ 64.5, ಮೇಲ್ಗೆರೆ 78.2. ನಾಲ್ಕೇ ಬಿಂದುಗಳು ಬಹಳ ಕಡಿಮೆ. ಇಪ್ಪತ್ತರಷ್ಟು ಇದ್ದರೆ ಮಿತಿಗಳು ನಂಬಲರ್ಹ. ಆದ್ದರಿಂದ ಇದನ್ನು ಅಂತಿಮ ತೀರ್ಪೆಂದು ಭಾವಿಸದೆ ಒಂದು ಮೊದಲ ನೋಟವೆಂದು ಮಾತ್ರ ತೆಗೆದುಕೊಳ್ಳಬೇಕು.

ಆ ಮೊದಲ ನೋಟವೇ ಕುತೂಹಲಕರ. 2021 ಗೆರೆಯಿಂದ ಬಹುದೂರ ಹೊರಗಿದೆ. ಆ ವರ್ಷದ ಪರೀಕ್ಷೆ ಬಹು ಆಯ್ಕೆ ಪ್ರಶ್ನೆಗಳೊಂದಿಗೆ ಎರಡೇ ದಿನಗಳಲ್ಲಿ ನಡೆದದ್ದು. ಕಾರಣ ಎಲ್ಲರಿಗೂ ಗೊತ್ತು. 2022 ಮತ್ತು 2023 ಕೂಡ ಮೇಲ್ಗೆರೆಯ ಹೊರಗಿವೆ. ಎಲ್ಲರೂ ಚರ್ಚಿಸಿದ 2024 ಗೆರೆಗಳ ನಡುವೆ, ಸರಾಸರಿಯ ಸಮೀಪದಲ್ಲಿದೆ! ಫಲಿತಾಂಶ ಕುಸಿದದ್ದು ಏಕೆ ಎಂದು 2024ರಲ್ಲಿ ಕೇಳಿದೆವು. 2022 ಮತ್ತು 2023ರಲ್ಲಿ ಅಷ್ಟು ಏರಿದ್ದು ಏಕೆ ಎಂಬುದು ನಕ್ಷೆ ಕೇಳುವ ಪ್ರಶ್ನೆ. ಸಂತೋಷದ ವರ್ಷದಲ್ಲಿ ಯಾರೂ ಕಾರಣ ಕೇಳುವುದಿಲ್ಲ. ನಕ್ಷೆಗೆ ಮೇಲ್ಗೆರೆಯೂ ಕೆಳಗೆರೆಯೂ ಸಮಾನ.

ಇಲ್ಲಿಗೇ ನಿಲ್ಲಿಸಿದರೆ ಮತ್ತೊಂದು ತಪ್ಪಾಗುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಅದೇ ವರ್ಷ ಕೃಪಾಂಕದ ಪ್ರಮಾಣವನ್ನು ಶೇ. 20ಕ್ಕೆ ಏರಿಸಲಾಯಿತು. ಮೊದಲನೆಯದು ಫಲಿತಾಂಶವನ್ನು ಕೆಳಕ್ಕೆ ಎಳೆಯುವ, ಎರಡನೆಯದು ಮೇಲಕ್ಕೆ ಎತ್ತುವ ಬದಲಾವಣೆ. ಎರಡು ವಿರುದ್ಧ ಬಲಗಳು ಒಂದನ್ನೊಂದು ಸರಿದೂಗಿಸಿದರೆ ವಸ್ತು ಕದಲದೆ ನಿಂತಂತೆ ತೋರುತ್ತದೆ. ಬಲಗಳೇ ಇಲ್ಲವೆಂದು ಹೇಳಲಾಗದು. ಬಿಂದು ಗೆರೆಯೊಳಗಿದ್ದರೆ ಏನೂ ಬದಲಾಗಿಲ್ಲ ಎಂಬ ಪಾಠ ಆದ್ದರಿಂದ ಪೂರ್ಣ ಸತ್ಯವಲ್ಲ. ನಕ್ಷೆಯ ಪಕ್ಕದಲ್ಲಿ ಪ್ರಕ್ರಿಯೆಯ ದಿನಚರಿಯೂ ಇರಬೇಕು. ಯಾವ ವರ್ಷ ಯಾವ ನಿಯಮ ಬದಲಾಯಿತು, ಪುನರಾವರ್ತಿತ ಮತ್ತು ಖಾಸಗಿ ಅಭ್ಯರ್ಥಿಗಳನ್ನು ಲೆಕ್ಕಕ್ಕೆ ಸೇರಿಸಿದ್ದಾರೆಯೇ ಎಂಬುದನ್ನು ಅಲ್ಲಿ ದಾಖಲಿಸಬೇಕು. 2025ರಲ್ಲಿ ಹೆಚ್ಚುವರಿ ಕೃಪಾಂಕ ಕೈಬಿಡಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಉತ್ತೀರ್ಣತೆಯ ಕನಿಷ್ಠ ಪ್ರಮಾಣವನ್ನು ಶೇ. 33ಕ್ಕೆ ಇಳಿಸುವ ಪ್ರಕಟಣೆ ಬಂತು. ಅಳತೆಗೋಲು ಬದಲಾದಾಗಲೆಲ್ಲ ನಕ್ಷೆಯಲ್ಲಿ ಒಂದು ಲಂಬ ಗೆರೆ ಹಾಕಿ ಹೊಸ ಎಣಿಕೆ ಆರಂಭಿಸುವುದು ಪ್ರಾಮಾಣಿಕ ಕ್ರಮ.

ಚಿತ್ರದುರ್ಗದ 13.46ರ ಇಳಿಕೆಯೂ ಇದೇ ಎಚ್ಚರದಿಂದ ಓದಬೇಕಾದದ್ದು. ಅಲ್ಲಿ ಹುಡುಕಬೇಕಾದ್ದಿದೆ ಎಂದಷ್ಟೇ ನಕ್ಷೆ ಹೇಳುತ್ತದೆ. ಯಾರು ಹೊಣೆ ಎಂದು ಹೇಳುವುದಿಲ್ಲ. ಒಂದು ಬಿಂದುವನ್ನು ಹಿಡಿದುಕೊಂಡು ಸಾವಿರಾರು ಶಿಕ್ಷಕರ ಮೇಲೆ ಸಂಶಯಪಡುವುದೂ, ಹಿಂದಿನ ವರ್ಷದ ಬಿಂದುವನ್ನು ಹಿಡಿದು ಅವರನ್ನೇ ಹಾಡಿ ಹೊಗಳುವುದೂ ತರ್ಕದ ದೃಷ್ಟಿಯಿಂದ ಒಂದೇ.

ನಲವತ್ತು ಮಕ್ಕಳ ಶಾಲೆ

ಜಿಲ್ಲೆಯ ಮಟ್ಟದಿಂದ ಶಾಲೆಯ ಮಟ್ಟಕ್ಕೆ ಇಳಿದರೆ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಹೊಸದುರ್ಗ ಅಥವಾ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ 40 ಮಕ್ಕಳು ಪರೀಕ್ಷೆಗೆ ಕುಳಿತರೆಂದು ಊಹಿಸಿ. ಶಾಲೆಯ ದೀರ್ಘಕಾಲದ ಮಟ್ಟ ಶೇ. 73 ಎಂದಿಟ್ಟುಕೊಳ್ಳಿ. ಅದೇ ಸೂತ್ರದಿಂದ ಮಾನಕ ವಿಚಲನೆ ಶೇ. 7. ಮೂರರ ಮಿತಿಗಳು ಶೇ. 52 ಮತ್ತು 94. ಈ ಶಾಲೆಯ ಫಲಿತಾಂಶ ಒಂದು ವರ್ಷ ಶೇ. 80, ಮರುವರ್ಷ ಶೇ. 65 ಆಯಿತೆನ್ನಿ. ಪತ್ರಿಕೆಯ ಭಾಷೆಯಲ್ಲಿ ಇದು ‘ಭಾರೀ ಕುಸಿತ’. ತಲೆಯೆಣಿಕೆಯಲ್ಲಿ 32 ಮಕ್ಕಳ ಬದಲು 26 ಮಕ್ಕಳು, ಆರು ಜನರ ವ್ಯತ್ಯಾಸ. ನಕ್ಷೆಯಲ್ಲಿ ಎರಡೂ ಬಿಂದುಗಳು ಗೆರೆಯೊಳಗೆ ನೆಮ್ಮದಿಯಾಗಿವೆ. ಪ್ರಶ್ನೆಪತ್ರಿಕೆಯಂಥ ಸಮಾನ ಕಾರಣಗಳನ್ನು ಸೇರಿಸಿದರೆ ಸಹಜ ಏರಿಳಿತ ಇನ್ನೂ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು.

ಮುಖ್ಯ ಶಿಕ್ಷಕರಿಗೆ ಕಾರಣ ಕೇಳುವ ಪತ್ರ ಹೋಗುವುದು ಇಂಥ ವ್ಯತ್ಯಾಸದ ಆಧಾರದ ಮೇಲಾದರೆ, ಅವರು ಇಲ್ಲದ ಕಾರಣವೊಂದನ್ನು ಸೃಷ್ಟಿಸಿ ಉತ್ತರಿಸಬೇಕಾಗುತ್ತದೆ. ಮರುವರ್ಷ ಫಲಿತಾಂಶ ತಾನಾಗಿ ಸರಾಸರಿಯ ಕಡೆಗೆ ಮರಳಿದಾಗ ಪತ್ರ ಬರೆದದ್ದರಿಂದಲೇ ಸುಧಾರಿಸಿತು ಎಂದು ಇಲಾಖೆ ನಂಬುತ್ತದೆ. ಇದೇ ಕಾರಣಕ್ಕೆ ಸಣ್ಣ ಶಾಲೆಗಳು ಪಟ್ಟಿಯ ತುದಿಯಲ್ಲೂ ತಳದಲ್ಲೂ ಹೆಚ್ಚಾಗಿ ಕಾಣುತ್ತವೆ. ಹತ್ತು ಮಕ್ಕಳ ಶಾಲೆಯಲ್ಲಿ ಒಬ್ಬ ಹುಡುಗಿಗೆ ಜ್ವರ ಬಂದರೆ ಹತ್ತು ಶೇಕಡಾ ಹೋಯಿತು.

ಪ್ರತಿ ಏರಿಳಿತಕ್ಕೂ ಪ್ರತಿಕ್ರಿಯಿಸುವುದರಿಂದ ನಷ್ಟವೇನು ಎಂದು ಕೇಳಬಹುದು. ಇದಕ್ಕೆ ಎಡ್ವರ್ಡ್ಸ್ ಡೆಮಿಂಗ್ ಆಲಿಕೆಯ ಪ್ರಯೋಗದಿಂದ ಉತ್ತರ ಕೊಡುತ್ತಿದ್ದರು. ಅವರೂ ಭೌತವಿಜ್ಞಾನದ ಡಾಕ್ಟರೇಟ್ ಪಡೆದವರೇ. ಗುರಿಯ ಮೇಲೆ ಹಿಡಿದ ಆಲಿಕೆಯಿಂದ ಗೋಲಿ ಬಿಡಿ. ಗೋಲಿ ಎಷ್ಟು ಆಚೆ ಬಿತ್ತೋ ಅಷ್ಟೇ ಆಲಿಕೆಯನ್ನು ಈಚೆ ಸರಿಸಿ ಮುಂದಿನ ಗೋಲಿ ಬಿಡಿ. ಸರಿಪಡಿಸುತ್ತಿದ್ದೇವೆ ಎಂದೇ ಅನ್ನಿಸುತ್ತದೆ. ಆದರೆ ಈಗ ಪ್ರತಿ ಫಲಿತದಲ್ಲೂ ಎರಡು ದೋಷಗಳು ಕೂಡಿಕೊಂಡಿವೆ: ಈ ಗೋಲಿಯದು ಮತ್ತು ಹಿಂದಿನ ಗೋಲಿಯಿಂದ ಎರವಲು ಬಂದದ್ದು. ಸ್ವತಂತ್ರ ದೋಷಗಳ ವಿಚಲನೆಯ ವರ್ಗಗಳು ಕೂಡುತ್ತವೆ. ವರ್ಗ ಇಮ್ಮಡಿಯಾಗಿ ಹರಡುವಿಕೆ 1.41 ಪಟ್ಟು ಹೆಚ್ಚುತ್ತದೆ. ಆಲಿಕೆಯನ್ನು ಕದಲಿಸದೆ ಬಿಟ್ಟಿದ್ದರೆ ಒಳ್ಳೆಯದಿತ್ತು.

ನಕ್ಷೆ ಎಲ್ಲಿ ಸೋಲುತ್ತದೆ

ಸ್ಥಾನಪಟ್ಟಿಯನ್ನು ವಿಮರ್ಶಿಸಿದ ಮೇಲೆ ನಕ್ಷೆಯನ್ನೂ ವಿಮರ್ಶಿಸುವುದು ನ್ಯಾಯ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಇದಕ್ಕೆ ಒಳ್ಳೆಯ ಉದಾಹರಣೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಪೂರ್ಣಗೊಂಡ ಈ ಜಲಾಶಯದ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ಹರಿಯಿತು.

ಜಲಾಶಯದ ದಿನದಿನದ ನೀರಿನ ಮಟ್ಟಕ್ಕೆ ನಿಯಂತ್ರಣ ನಕ್ಷೆ ಹಾಕಿದರೆ ಏನಾಗುತ್ತದೆ? ಇಂದಿನ ಮಟ್ಟ ನಿನ್ನೆಯ ಮಟ್ಟಕ್ಕೆ ಅಂಟಿಕೊಂಡಿರುತ್ತದೆ. ದಿನದ ವ್ಯತ್ಯಾಸ ಅತ್ಯಲ್ಪ. ಅದರಿಂದ ಎಳೆದ ಗೆರೆಗಳು ತೀರ ಇಕ್ಕಟ್ಟು. ಮಟ್ಟ ಕೆಲವೇ ವಾರಗಳಲ್ಲಿ ಗೆರೆ ದಾಟುತ್ತದೆ, ನಕ್ಷೆ ಪುನಃ ಪುನಃ ಸುಳ್ಳು ಎಚ್ಚರಿಕೆ ಕೊಡುತ್ತದೆ. ಸರಾಸರಿಯ ಒಂದೇ ಪಕ್ಕದಲ್ಲಿ ಸತತ ಎಂಟು ಬಿಂದು ಬಿದ್ದರೆ ಅಸಹಜ ಎಂಬ ಪ್ರಸಿದ್ಧ ನಿಯಮವೂ ಇಲ್ಲಿ ನಿಷ್ಪ್ರಯೋಜಕ. ನಾಣ್ಯ ಎಂಟು ಸಲ ಒಂದೇ ಮುಖ ತೋರುವ ಸಂಭಾವ್ಯತೆ ಕಡಿಮೆ ಎಂಬುದರ ಮೇಲೆ ಆ ನಿಯಮ ನಿಂತಿದೆ. ಜಲಾಶಯ ನಾಣ್ಯವಲ್ಲ, ಅದಕ್ಕೆ ನೆನಪಿದೆ. ನೆನಪಿರುವ ಪ್ರಕ್ರಿಯೆಗೆ ನಕ್ಷೆ ಹಾಕುವಾಗ ಮಟ್ಟದ ಬದಲು ವರ್ಷದ ಒಳಹರಿವನ್ನೋ ಹೊಸದುರ್ಗದ ಕಡೆಯ ಜಲಾನಯನದ ಮಳೆಯನ್ನೋ ಆರಿಸಬೇಕು. ಭದ್ರಾ ನದಿಯ ನೀರು ಯೋಜನೆಯ ಮೂಲಕ ಸೇರತೊಡಗಿದ ವರ್ಷಗಳನ್ನು ಪ್ರತ್ಯೇಕವಾಗಿ ನೋಡಬೇಕು. ಅದು ಗುರುತಿಸಬಲ್ಲ ಕಾರಣ. ಮಳೆಯ ಲೆಕ್ಕದಲ್ಲಿ ಬೆರೆಸಬಾರದು.

ಶಾಲೆಗಳಿಗೂ ನೆನಪಿದೆ ಎಂಬುದನ್ನು ಮರೆಯಬಾರದು. ಎಂಟನೆಯ ತರಗತಿಯಲ್ಲಿ ಗಣಿತ ಶಿಕ್ಷಕರಿಲ್ಲದ ಶಾಲೆಯ ಫಲಿತಾಂಶ ಎರಡು ವರ್ಷಗಳ ನಂತರ ಕಾಣುತ್ತದೆ.

ತರಗತಿಯಲ್ಲಿ ಮಾಡಬಹುದಾದದ್ದು

ಡೆಮಿಂಗ್ ಅವರ ಕೆಂಪು ಮಣಿಗಳ ಪ್ರಯೋಗವನ್ನು ನಮ್ಮ ತರಗತಿಗೆ ಹೊಂದಿಸಬಹುದು. ಒಂದು ಚೀಲದಲ್ಲಿ ಒಂದೇ ಗಾತ್ರದ 73 ಬಿಳಿ, 27 ಕೆಂಪು ಗುಂಡಿಗಳನ್ನು ಹಾಕಿ. ವಿದ್ಯಾರ್ಥಿಗಳನ್ನು ಹತ್ತು ಗುಂಪು ಮಾಡಿ; ಪ್ರತಿ ಗುಂಪೂ ಒಂದು ‘ಶಾಲೆ’. ಪ್ರತಿ ಗುಂಪು ಕಣ್ಣುಮುಚ್ಚಿ ಒಂದು ಗುಂಡಿ ತೆಗೆದು, ಬಣ್ಣ ಬರೆದುಕೊಂಡು, ಮತ್ತೆ ಚೀಲಕ್ಕೆ ಹಾಕಿ ಕಲಕಬೇಕು. ಹೀಗೆ 40 ಸಲ. ಬಿಳಿಗಳ ಶೇಕಡಾವಾರು ಲೆಕ್ಕ ಹಾಕಿ ಕರಿಹಲಗೆಯ ಮೇಲೆ ಸ್ಥಾನಪಟ್ಟಿ ಬರೆಯಿರಿ. ಮೊದಲ ಸ್ಥಾನದವರನ್ನು ಅಭಿನಂದಿಸಿ, ಕೊನೆಯವರಿಂದ ಲಿಖಿತ ವಿವರಣೆ ಕೇಳಿ. ನಂತರ ಪ್ರಯೋಗವನ್ನು ಪುನರಾವರ್ತಿಸಿ. ಎರಡನೆಯ ಪಟ್ಟಿ ಮೊದಲಿನದಕ್ಕಿಂತ ಎಷ್ಟು ಬೇರೆ ಎಂಬುದನ್ನು ಮಕ್ಕಳೇ ನೋಡುತ್ತಾರೆ. ಚೀಲ ಮಾತ್ರ ಒಂದೇ. ಬಳಿಕ 52 ಮತ್ತು 94ರಲ್ಲಿ ಗೆರೆ ಎಳೆದು ಎಲ್ಲ ಬಿಂದುಗಳನ್ನು ಗುರುತಿಸಿ.

ಕೊನೆಯದಾಗಿ ಇನ್ನೊಂದು ಸುತ್ತು ಮಾಡಿ. ಶಿಕ್ಷಕರು ಗುಟ್ಟಾಗಿ ಒಂದು ಗುಂಪಿನ ಚೀಲದಿಂದ 40 ಬಿಳಿ ಗುಂಡಿಗಳನ್ನು ತೆಗೆದು ಅಷ್ಟೇ ಕೆಂಪು ಗುಂಡಿಗಳನ್ನು ಸೇರಿಸಿರಲಿ. ಆ ಬಿಂದು ಬಹುಮಟ್ಟಿಗೆ ಕೆಳಗೆರೆಯ ಹೊರಗೆ ಬೀಳುತ್ತದೆ. ಆಗ ಕಾರಣ ಕೇಳುವುದು ಸಾರ್ಥಕ. ಗುಂಪಿನವರನ್ನು ಗದರಿಸಿ ಪ್ರಯೋಜನವಿಲ್ಲ, ಚೀಲವನ್ನು ತೆರೆದು ನೋಡಬೇಕು ಎಂಬುದೂ ಆಗ ತಿಳಿಯುತ್ತದೆ.

ಇಲಾಖೆಯಿಂದ ಬೇಡಬಹುದಾದದ್ದು ಬಹಳವೇನಿಲ್ಲ. ಜಿಲ್ಲೆಗಳ, ತಾಲ್ಲೂಕುಗಳ ಸ್ಥಾನಪಟ್ಟಿಯ ಜಾಗದಲ್ಲಿ ಪ್ರತಿಯೊಂದರ ಹತ್ತು ಹದಿನೈದು ವರ್ಷಗಳ ನಕ್ಷೆ ಪ್ರಕಟವಾಗಲಿ. ನಿಯಮ ಬದಲಾದ ವರ್ಷಗಳಲ್ಲಿ ಲಂಬ ಗೆರೆ ಇರಲಿ. ಶಾಲೆಯ ಶೇಕಡಾವಾರಿನ ಪಕ್ಕದಲ್ಲಿ ಮಕ್ಕಳ ಸಂಖ್ಯೆ ತಪ್ಪದೆ ಇರಲಿ. ಗೆರೆ ದಾಟಿದ ಶಾಲೆಗೆ ಮೊದಲು ಭೇಟಿ, ಆಮೇಲೆ ಪತ್ರ. ಗೆರೆಯೊಳಗಿದ್ದೂ ಶೇ. 73ರಲ್ಲೇ ನಿಂತಿರುವ ಶಾಲೆಗಳ ಪ್ರಶ್ನೆ ಬೇರೆ. ಅಲ್ಲಿ ಯಾರ ತಪ್ಪನ್ನೂ ಹುಡುಕಬೇಕಾಗಿಲ್ಲ. ವ್ಯವಸ್ಥೆಯೇ ಪ್ರತಿ ವರ್ಷ ನೂರರಲ್ಲಿ 27 ಮಕ್ಕಳನ್ನು ಬಿಟ್ಟುಬಿಡುತ್ತಿದೆ. ಸ್ಥಿರವಾಗಿರುವುದೂ ಚೆನ್ನಾಗಿರುವುದೂ ಒಂದೇ ಅಲ್ಲ. ಸ್ಥಿರವಾದ ಕೆಟ್ಟ ಫಲಿತಾಂಶವನ್ನು ಮೇಲೆತ್ತಲು ಚೀಲದೊಳಗಿನ ಗುಂಡಿಗಳನ್ನೇ ಬದಲಿಸಬೇಕಾಗುತ್ತದೆ: ಖಾಲಿ ಹುದ್ದೆಗಳನ್ನು ತುಂಬಬೇಕು, ಪ್ರಯೋಗಶಾಲೆ ಒದಗಿಸಬೇಕು, ಕೆಳ ತರಗತಿಗಳಲ್ಲಿ ಓದು ಬರಹ ಗಟ್ಟಿ ಮಾಡಬೇಕು. ಈ ಕೆಲಸ ಯಾವ ಸ್ಥಾನಪಟ್ಟಿಯಿಂದಲೂ ಆಗುವುದಿಲ್ಲ.